ಇಬ್ಬರು ಅಭ್ಯರ್ಥಿಗಳು, ಒಂದು ಕಂಬಳಿ

ಯಾವುದನ್ನೂ ಎರಡು ಸಲ ಪ್ರಶ್ನಿಸದೆ ನಂಬದಿರುವುದು ನನ್ನ ಚಟ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇದಕ್ಕೆ ಕಪ್ ಕೊಡುತ್ತಿದ್ದರು. ಮನೆಯಲ್ಲಿ ನಾನು ಬಾಯಿ ತೆರೆದರೆ ಅವ್ವ ಮುದ್ದೆ ಬಡಿಸಿ ಎದ್ದು ಹೋಗುತ್ತಾಳೆ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಕಂಬಳಿ ನೇಯುವವರು, ಮಾರುವವರು ಸೇರಿ ಫೋನಿನಲ್ಲಿ ಕಟ್ಟಿಕೊಂಡಿರುವ ಗುಂಪಿಗೆ ಅಧ್ಯಕ್ಷರನ್ನು ಫೋನಿನಲ್ಲೇ ಆರಿಸುವುದೆಂದಾದಾಗ, ಉಣ್ಣೆ ನೂಲುವ ಅವ್ವನ ಮಗನಾದ ನನ್ನನ್ನು ಚುನಾವಣಾಧಿಕಾರಿ ಮಾಡಿದರು. "ಇವನು ಯಾರ ಮಾತೂ ಕೇಳಲ್ಲ, ಇವನೇ ಸರಿ" ಎಂದರು. ನಾನದನ್ನು ಹೊಗಳಿಕೆ ಎಂದುಕೊಂಡೆ.

ಅಭ್ಯರ್ಥಿಗಳು ಇಬ್ಬರು. ಚಳ್ಳಕೆರೆಯಲ್ಲಿ ಕಂಬಳಿ ಅಂಗಡಿ ಇಟ್ಟಿರುವ ತಿಪ್ಪೇಸ್ವಾಮಣ್ಣ ಒಬ್ಬರು, ದೇವಸಮುದ್ರದಲ್ಲಿ ಮಗ್ಗ ಹೂಡಿರುವ ಓಬಕ್ಕ ಇನ್ನೊಬ್ಬರು. ಓಬಕ್ಕನಿಗೆ ಬೇಕಾದದ್ದು ಒಂದೇ: ಮಾರಾಟವಾಗುವ ಪ್ರತಿ ಕಂಬಳಿಯ ಮೇಲೂ ನೇಯ್ದವರ ಹೆಸರಿರಬೇಕು. ಮೂವತ್ತು ವರ್ಷ ನೇಯ್ದರೂ ಆಕೆಯ ಹೆಸರು, ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿ ದಾಟಿ ಆಚೆ ಬಂದಿರಲಿಲ್ಲ.

ಗುಂಪಿನ ಬಹಳಷ್ಟು ಜನ ಇವರಿಬ್ಬರನ್ನೂ ನೋಡಿದವರಲ್ಲ. ಓಟು ಬೀಳುವುದು ಫೋಟೋಗೆ. ತಿಪ್ಪೇಸ್ವಾಮಣ್ಣ ಕಳಿಸಿದ್ದು ಫ್ಲೆಕ್ಸಿನ ಫೋಟೋ: ಕಪ್ಪು ಕನ್ನಡಕ, ಮುಗಿದ ಕೈ, ಹಿಂದೆ ಮೋಡ. ಓಬಕ್ಕನದು ಯಾರದೋ ಮದುವೆಯ ಫೋಟೋದಿಂದ ಕತ್ತರಿಸಿದ್ದು. ಪಕ್ಕದವರ ಅರ್ಧ ಭುಜವೂ ಜೊತೆಗೆ ಬಂದಿತ್ತು. ಎರಡನ್ನೂ ಒಂದೇ ಅಳತೆಗೆ ತಂದು ಅಕ್ಕಪಕ್ಕ ಇಟ್ಟೆ. ಅಣ್ಣ ಆಗಲೇ ಗೆದ್ದವರಂತೆ ಕಂಡರು. ಓಬಕ್ಕ ಕಾಣೆಯಾದವರ ಪ್ರಕಟಣೆಯಂತೆ ಕಂಡರು.

ನ್ಯಾಯ ಎಂದರೆ ನ್ಯಾಯ. ಕೂತು ಹನ್ನೊಂದು ನಿಯಮ ಬರೆದೆ. ಕನ್ನಡಕ ಇರಬಾರದು, ಕೈ ಮುಗಿಯಬಾರದು, ಹಿಂದೆ ಬಿಳಿ ಗೋಡೆ, ಕಿವಿ ಎರಡೂ ಕಾಣಬೇಕು.

"ಲೇ, ಇದೇನು ಎಲೆಕ್ಷನ್ನಾ, ಪಾಸ್‌ಪೋರ್ಟಾ?" ಎಂದು ಅಣ್ಣ ಫೋನಿನಲ್ಲೇ ರೇಗಿದರು. ಕೊನೆಗೆ ಇಬ್ಬರ ಫೋಟೋವನ್ನೂ ಒಂದೇ ಜಾಗದಲ್ಲಿ ನಾನೇ ತೆಗೆಯುವುದೆಂದು ತೀರ್ಮಾನವಾಗಿ, ಅಣ್ಣನೂ ನಾನೂ ದೇವಸಮುದ್ರದ ಬಸ್ಸು ಹತ್ತಿದೆವು.

ಓಬಕ್ಕನ ಮನೆಯಲ್ಲಿ ಬಿಳಿ ಗೋಡೆ ಇರಲಿಲ್ಲ. "ಅಕ್ಕ, ಒಂದು ಕಂಬಳೀನ ಗೋಡೆಗೆ ತೂಗುಹಾಕ್ರಿ, ಇಬ್ಬರೂ ಅದರ ಮುಂದೆ ನಿಲ್ಲಿ" ಎಂದೆ.

"ಗೋಡೆಗೆ ಯಾಕಪ್ಪ? ಕಂಬಳಿ ಇರೋದು ಹಾಸೋಕೆ" ಎನ್ನುತ್ತಾ ಓಬಕ್ಕ ಹೊಸ ಕರಿಕಂಬಳಿ ತಂದು ನೆಲಕ್ಕೆ ಹಾಸಿದರು.

ನಮ್ಮ ಕಡೆ ಹಿರಿಯರು ನ್ಯಾಯ ತೀರಿಸುವಾಗ ಹೀಗೆಯೇ ಹಾಸುತ್ತಾರೆ. ಅದರ ಮೇಲೆ ಕೂತವರಲ್ಲಿ ಮೇಲು ಕೀಳಿಲ್ಲ, ಕೂತು ಸುಳ್ಳಾಡುವಂತಿಲ್ಲ. ಈ ಪದ್ಧತಿಯನ್ನು ಮೂಢನಂಬಿಕೆ ಎಂದು ವಾದಿಸಿ ನಾನೊಂದು ಕಪ್ ಗೆದ್ದಿದ್ದೆ.

ನಾನು ಬಾಯಿ ಬಿಡುವ ಮೊದಲೇ ಅಣ್ಣ ಚಪ್ಪಲಿ ಕಳಚಿದರು. ಕನ್ನಡಕ ಜೇಬಿಗೆ ಹೋಯಿತು. ಇಬ್ಬರೂ ಸಮನಾಗಿ, ಬೆನ್ನು ನೆಟ್ಟಗೆ ಮಾಡಿ ಕುಳಿತರು. ನನ್ನ ಹನ್ನೊಂದು ನಿಯಮ ಮಾಡಲಾಗದ ಕೆಲಸವನ್ನು ಒಂದು ಕಂಬಳಿ ಉಸಿರೆತ್ತದೆ ಮಾಡಿತ್ತು. ಒಬ್ಬೊಬ್ಬರದೂ ಫೋಟೋ ತೆಗೆದೆ.

"ಫೋಟೋ ಕೆಳಗೆ ಇದನ್ನೂ ಬರಿ ಲೇ" ಎಂದರು ಅಣ್ಣ, ಕಂಬಳಿಯ ಅಂಚು ಸವರುತ್ತಾ. "ನನ್ನ ಅಂಗಡ್ಯಾಗಿರೋ ಒಳ್ಳೇ ಮಾಲೆಲ್ಲ ಈವಕ್ಕ ನೇಯ್ದಿದ್ದು. ಇಷ್ಟು ದಿನ ಹೇಳಿಲ್ಲ."

ಓಬಕ್ಕ ಅಣ್ಣನ ಕಡೆ ಕೈ ತೋರಿಸಿದರು. "ಮಗ್ಗದ ಗುಂಡಿಗೆ ಮಳೆ ನೀರು ನುಗ್ಗಿದಾಗ ಬಕೆಟ್ ಹಿಡ್ಕಂಡು ಚಳ್ಳಕೆರೆಯಿಂದ ಓಡಿ ಬಂದೋನು ಇವನೇ. ಅದನ್ನೂ ಬರಿಯಪ್ಪ."

ಎದುರಾಳಿಗಾಗಿ ಪ್ರಚಾರ ಮಾಡುವ ಅಭ್ಯರ್ಥಿಗಳನ್ನು ನಾನು ಕಂಡಿದ್ದು ಅದೇ ಮೊದಲು. ಇಬ್ಬರೂ ಹೇಳಿದ್ದನ್ನು ಬರೆದು ಹಾಕಿದೆ. ಓಬಕ್ಕ ಗೆದ್ದರು, ಗುಂಪಿನಲ್ಲಿ ಮೊದಲ ಅಭಿನಂದನೆ ಅಣ್ಣನದು. ಈಗ ಅವರ ಅಂಗಡಿಯ ಕಂಬಳಿಗಳ ಮೂಲೆಯಲ್ಲಿ ಓಬಕ್ಕನ ಹೆಸರಿನ ಚೀಟಿ ಇದೆ.

ಆ ದಿನದ ಒಂದು ಸಂಗತಿಯನ್ನು ಮಾತ್ರ ಗುಂಪಿಗೆ ಹೇಳಿಲ್ಲ. ಹೊರಡುವಾಗ ಓಬಕ್ಕ, "ಬಾ ತಮ್ಮ, ಅಧಿಕಾರೀನೂ ಒಂದ್ಗಳಿಗೆ ಕುಂತ್ಕಳ್ಳಲಿ. ಆ ಹನ್ನೊಂದು ನಿಯಮ ಯಾರಿಗೋಸ್ಕರ ಬರೆದೆ ಅಂತ ಹೇಳಿಬಿಡು" ಎಂದು ಕಂಬಳಿ ತಟ್ಟಿ ಕರೆದರು. ಹನ್ನೊಂದರಲ್ಲಿ ಹತ್ತನ್ನು ಅಣ್ಣನ ಫೋಟೋ ನೋಡಿಕೊಂಡೇ, ಅದಕ್ಕೆ ಅಡ್ಡಗಾಲು ಹಾಕಲೆಂದೇ ಬರೆದಿದ್ದೆ.

ಕಂಬಳಿಯ ಮಹಿಮೆಯನ್ನು ನಾನು ಇಂದಿಗೂ ನಂಬುವುದಿಲ್ಲ. ಆದರೆ ಆವತ್ತು ಅಂಚಿನಲ್ಲೇ ನಿಂತು, ಬೂಟಿನ ದಾರ ಗಂಟುಬಿದ್ದಿದೆ, ಬಿಚ್ಚಲು ಆಗುತ್ತಿಲ್ಲ ಎಂದುಬಿಟ್ಟೆ.