ಐವತ್ತಕ್ಕೂ ಐವತ್ತೈದಕ್ಕೂ ನಡುವೆ

ಮಂದಿಯ ದುಡ್ಡು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎನ್ನುವುದು ದೇವರಿಗೇ ಗೊತ್ತು. ಆದರೆ ಶೇರು ಕಚೇರಿಯಲ್ಲಿ ಕೂತವನಿಗೆ ನಗುವುದಕ್ಕೊಂದು ಕಾರಣ ಮಾತ್ರ ದಿನಾ ಮೆಟ್ಟಿಲು ಹತ್ತಿಕೊಂಡು ತಾನಾಗಿಯೇ ಬರುತ್ತದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಊರಿಗೆ ಆಗಿನ್ನೂ ಗುಲಬರ್ಗಾ ಎಂದೇ ಬೋರ್ಡು. ಸೂಪರ್ ಮಾರ್ಕೆಟ್ ಹತ್ತಿರ ಕೆಳಗೆ ಒಂದು ಬಳೆ ಅಂಗಡಿ, ಮೇಲೆ ನಮ್ಮ ಕಚೇರಿ. ಮಾಲೀಕರು ಒಬ್ಬರು, ಕಂಪ್ಯೂಟರ್ ಎರಡು, ಅವನ್ನು ಒತ್ತುವವನು ನಾನು. ಶೇರು ಕೊಳ್ಳುವುದು, ಮಾರುವುದು ಮಂದಿಗೆ ಹೇಗೋ ರೂಢಿಯಾಗಿತ್ತು. ಅಷ್ಟರಲ್ಲಿ ಆಪ್ಷನ್ ಬಂತು.

ಆಪ್ಷನ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಒಂದು ಶೇರನ್ನು ತಿಂಗಳ ಕೊನೆಗೆ ಇಂಥದ್ದೇ ದರಕ್ಕೆ ಕೊಳ್ಳುವ ಹಕ್ಕನ್ನು ಇವತ್ತೇ ಸ್ವಲ್ಪ ಮುಂಗಡ ಕೊಟ್ಟು ಹಿಡಿದಿಡುವುದು. ಆ ದರಕ್ಕೆ ಸ್ಟ್ರೈಕ್ ಎಂದು ಹೆಸರು. ತೊಡಕೇನೆಂದರೆ ನಾವು ಕೇಳಿದ ಸ್ಟ್ರೈಕ್ ಸಿಗುವುದಿಲ್ಲ. ಮುಂಬೈಯ ಎಕ್ಸ್‌ಚೇಂಜು ಮೊದಲೇ ಮೆಟ್ಟಿಲು ಕಟ್ಟಿಟ್ಟಿರುತ್ತದೆ. ಐವತ್ತು ರೂಪಾಯಿ ದಾಟಿದ ಶೇರಿಗೆ ಐದೈದರ ಮೆಟ್ಟಿಲು: ಐವತ್ತು, ಐವತ್ತೈದು, ಅರವತ್ತು. ಶೇರು ದುಬಾರಿಯಾದಷ್ಟೂ ಮೆಟ್ಟಿಲು ದೊಡ್ಡದು, ಅಗ್ಗವಾದಷ್ಟೂ ಸಣ್ಣದು. ನಡುವೆ ಕಾಲಿಡಲು ಜಾಗವಿಲ್ಲ. ಇಷ್ಟನ್ನು ನಮ್ಮ ಮಂದಿಗೆ ತಿಳಿಸಿ ಹೇಳುವುದರಲ್ಲಿ ನನ್ನ ಅರ್ಧ ಕೂದಲು ಹೋಯಿತು. ಲಗ್ನವೊಂದು ಸ್ವಲ್ಪದರಲ್ಲಿ ಉಳಿಯಿತು.

ಒಳಗಿನ ಮಾಲು

ಕಮಲಾಪುರದ ನಿವೃತ್ತ ಮಾಸ್ತರರೊಬ್ಬರು ದಿನಾ ಬೆಳಿಗ್ಗೆ ಬಸ್ಸಿಗೆ ಬಂದು ನಮ್ಮ ಫ್ಯಾನಿನ ಕೆಳಗೆ ಕೂರುತ್ತಿದ್ದರು. ಶೇರಿಗಿಂತ ಆ ಫ್ಯಾನಿನ ಮೇಲೆ ಅವರಿಗೆ ನಂಬಿಕೆ ಹೆಚ್ಚು. ಒಂದು ದಿನ ಅದೇನು ಮನಸ್ಸಾಯಿತೋ, ಅರವತ್ತೆರಡರಲ್ಲಿ ನಡೆಯುತ್ತಿದ್ದ ಒಂದು ಅಗ್ಗದ ಶೇರನ್ನು ತೋರಿಸಿದರು.

“ಇದರದು ಅರವತ್ತೆರಡಕ್ಕ ಒಂದು ಆಪ್ಷನ್ ಕೊಡಪಾ.”

“ಅರವತ್ತೆರಡು ಇಲ್ಲರೀ ಮಾಸ್ತರ. ಅರವತ್ತದ, ಅರವತ್ತೈದದ.”

“ಸ್ಕ್ರೀನ್ ಮ್ಯಾಲ ಇಲ್ಲ, ನನಗೂ ಕಾಣಾಕತ್ತದ. ಒಳಗ ನೋಡು.”

“ಒಳಗ ಏನೂ ಇರಂಗಿಲ್ಲರೀ.”

ಮಾಸ್ತರರು ನನ್ನನ್ನು ನೋಡಿ ಮುಗುಳ್ನಕ್ಕರು. ಅವರ ಅನುಭವವೇ ಬೇರೆ. ಯಾವ ಅರಿವೆ ಅಂಗಡಿಯವನು ಒಳ್ಳೆಯ ಮಾಲನ್ನು ಹೊರಗೆ ಹರಡುತ್ತಾನೆ? ಬೇಕಾದ ಗಿರಾಕಿ ಬಂದಾಗ ಅದು ಒಳಗಿನಿಂದ ಬರುತ್ತದೆ. “ನಾ ಹೊಸಬ ಅಂತ ತಿಳದಿ ಏನು?” ಎಂದವರೇ ಎದ್ದು ಹೋದರು.

ಮರುದಿನ ನಮ್ಮ ಮಾಲೀಕರ ಸೋದರಮಾವನನ್ನೇ ಎಲ್ಲಿಂದಲೋ ಹಿಡಿದು ಕರೆತಂದರು. ಆ ಮಾವನಿಗೆ ಶೇರು ಎಂದರೆ ತಿನ್ನುವುದೋ ಉಡುವುದೋ ತಿಳಿಯದು. ಆದರೂ ಗಂಟಲು ಸರಿಮಾಡಿಕೊಂಡು, “ಇವರು ನಮ್ಮವರೇ ಇದ್ದಾರ. ಒಳಗಿಂದು ತೆಗಿ” ಎಂದು ಅಳಿಯನಿಗೆ ಅಪ್ಪಣೆ ಮಾಡಿದರು.

ಸೋದರಮಾವನ ಮಾತು ಮೀರುವಂತಿಲ್ಲ. ಮಾಲೀಕರು ಎದ್ದು ಒಳಕೋಣೆಗೆ ಹೋದರು. ಅಲ್ಲಿ ಇದ್ದದ್ದು ನೀರಿನ ಕೊಡ ಮತ್ತು ಒಂದು ಕಸಬರಿಗೆ. ಅವನ್ನು ಸ್ವಲ್ಪ ಹೊತ್ತು ನೋಡಿಕೊಂಡು ನಿಂತು, ಹೊರಗೆ ಬಂದು, “ಖಾಲಿ ಆಗ್ಯಾದ್ರಿ” ಎಂದರು.

ಮಾಸ್ತರರಿಗೆ ಪೂರ್ತಿ ಸಮಾಧಾನವಾಯಿತು. ನನ್ನ ಕಡೆ ತಿರುಗಿ ಹೇಳಿದರು: “ನೋಡಿದಿ? ನಿನ್ನೆ ಇತ್ತು.”

ಸಾಬೂನು

ಕೆಳಗಿನ ಬಳೆ ಅಂಗಡಿಯ ಚಾಚಾಗೆ ಈ ಕಥೆ ಮುಟ್ಟಿತು. ಚಹಾ ತರಿಸಿಕೊಂಡು ಕುಡಿಯುವ ನೆಪದಲ್ಲಿ ಮೇಲೆ ಬಂದು ಮಾಸ್ತರರ ಪಕ್ಕದಲ್ಲೇ ಕೂತರು.

“ಮಾಸ್ಟರ್ ಸಾಬ್, ಇಸ್ಮೆ ಸಮಜ್ನೇಕಾ ಕ್ಯಾ ಹೈ, ತಿಳಕೊಳ್ಳಾಕ ಏನದ ಇದರಾಗ? ನನ್ನ ಅಂಗಡ್ಯಾಗ ಎರಡು-ನಾಕರ ಬಳಿ ಅದ, ಎರಡು-ಆರರ ಬಳಿ ಅದ. ನಡುವಿನ ಕೈಯಾಕಿ ಬಂದ್ರ ಬಳಿ ಮಾಡೂ ಫಿರೋಜಾಬಾದಿನವ ಆಕಿ ಸಲುವಾಗಿ ಹೊಸ ಅಳತಿ ಮಾಡ್ತಾನೇನು? ಬಿಗಿ ಇದ್ದದ್ದರ ತಗೋಬೇಕು, ಇಲ್ಲಾ ಸಡಲ ಇದ್ದದ್ದರ ತಗೋಬೇಕು.”

ನಾನು ತಿಂಗಳಿಂದ ಹೇಳಿ ಸೋತದ್ದನ್ನು ಚಾಚಾ ಅರ್ಧ ಕಪ್ ಚಹಾದಲ್ಲಿ ಮುಗಿಸಿದ್ದರು. ಎದ್ದು ಕೈ ಮುಗಿಯೋಣವೆನಿಸಿತು. ಆದರೆ ಮಾಸ್ತರರು ನಲವತ್ತು ವರ್ಷ ಪಾಠ ಹೇಳಿದವರು, ಪ್ರಶ್ನೆ ಕೇಳದೆ ಬಿಡುವುದುಂಟೆ?

“ಬಿಗಿದು ತಗೊಂಡ್ರ ಕೈ ನೋಯಂಗಿಲ್ಲೇನು?”

“ನಾ ಸಾಬೂನು ಹಚ್ಚಿ ಏರಸ್ತೀನ್ರಿ. ಜಾರಿ ಹೋಗ್ತದ, ಗೊತ್ತೇ ಆಗಂಗಿಲ್ಲ.”

ಮಾಸ್ತರರು ಇದನ್ನು ತಲೆಯಲ್ಲಿ ತಿರುಗಿಸಿ ನೋಡಿ ನನ್ನನ್ನು ಕೇಳಿದರು: “ಮತ್ತ ನಿಮ್ಮ ಕಡಿ ಸಾಬೂನು ಏನದ?”

ಪೇಪರ್ ಓದುತ್ತಿದ್ದ ಮಾಲೀಕರು ತಲೆ ಎತ್ತದೆ ಹೇಳಿದರು: “ಬ್ರೋಕರೇಜ್ ಅಂತಾರ ಅದಕ್ಕ. ಬಿಗಿ ಇರಲಿ, ಸಡಲಿರಲಿ, ನಾವು ಎಲ್ಲಾರಿಗೂ ಹಚ್ತೀವಿ.”

ದಾರಿಹೋಕ

ಇದೇ ಮಾಸ್ತರರು ನನಗೊಂದು ಹೆಣ್ಣು ನೋಡಿದ್ದರು. ಅವರ ಊರಿನವಳೇ, ಗುಲಬರ್ಗಾದಲ್ಲಿ ಬಿ.ಎಡ್. ಓದುತ್ತಿದ್ದಳು. ಮಾಸ್ತರರ ಮನೆಯಲ್ಲಿ ಒಂದು ಕಪ್ ಚಹಾ ಮುಗಿಯುವಷ್ಟು ಹೊತ್ತು ಆಕೆಯನ್ನು ನೋಡಿದ್ದೆ. ನನಗೆ ಅಷ್ಟು ಸಾಕಾಗಿತ್ತು. ಆಕೆಯೂ ಒಪ್ಪಿದಳೆಂದು ಕೇಳಿದ ದಿನ ಕಚೇರಿಯಲ್ಲಿ ಒಬ್ಬರಿಗೆ ಕೊಳ್ಳುವ ಬದಲು ಮಾರಿಬಿಡುತ್ತಿದ್ದೆ, ಮಾಲೀಕರು ಕೈ ಹಿಡಿದರು.

ತಕರಾರು ಇದ್ದದ್ದು ಆಕೆಯ ತಂದೆಯದು. ಊರಿಗೆಲ್ಲ ಅವರು ಕಾಕಾ. ಕಮಲಾಪುರದಲ್ಲಿ ಅವರದು ಕೆಂಪು ಬಾಳೆಯ ತೋಟ. ಯಾರೋ ಪುಣ್ಯಾತ್ಮರು ಅವರ ಕಿವಿಯಲ್ಲಿ, ಹುಡುಗ ಮಟಕಾ ಅಂಗಡಿಯಲ್ಲಿ ನಂಬರ್ ಬರೆಯುತ್ತಾನೆ ಎಂದು ಊದಿದ್ದರು. ಮಟಕಾದವನಿಗೆ ಮಗಳನ್ನು ಕೊಡುವುದಿಲ್ಲ, ನಾನೇ ಗಿರಾಕಿಯಂತೆ ಹೋಗಿ ನೋಡುತ್ತೇನೆ, ಹುಡುಗನಿಗೆ ಹೇಳಬೇಡಿ ಎಂದು ಅವರು ಮಾಸ್ತರರಿಗೆ ತಾಕೀತು ಮಾಡಿದ್ದರು. ಮಾಸ್ತರರು ಬಂದು ಚಪ್ಪಲಿ ಬಿಡುವುದಕ್ಕೆ ಮೊದಲೇ ನನಗೆ ಹೇಳಿದರು.

ಕಾಕಾ ಬಂದರು. ಮಡಿಕೆ ಬಿಚ್ಚಿದ ಹೊಸ ಧೋತರ, ಹೆಗಲ ಮೇಲೆ ಟವೆಲು, ಬೀಗರ ಮನೆಗೆ ಹೋಗುವವರಂತೆ ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚೀಲ. “ನಾ ಯಾರೋ ದಾರಿಹೋಕ. ಶೇರ್ ತಗೊಳ್ಳಾಕ ಬಂದೀನಿ” ಎಂದರು. ಚಾಚಾ ಆಗಲೇ ಕೆಳಗೆ ಅಂಗಡಿ ಬಿಟ್ಟು ಮೇಲೆ ಬಂದು ಕೂತಾಗಿತ್ತು.

“ಖರೆ ಹೇಳು,” ಕಾಕಾ ನನ್ನೆದುರು ಕುರ್ಚಿ ಎಳೆದುಕೊಂಡರು. “ಈ ಆಪ್ಷನ್ ಅನ್ನೂದು ಮಟಕಾ ಇದ್ದಂಗೇನು?”

“ಇಲ್ಲರೀ ಕಾಕಾ. ಗೊನಿ ಬಲಿಯೂಕಿಂತ ಮೊದಲ ವ್ಯಾಪಾರಿ ನಿಮ್ಮ ತ್ವಾಟಕ್ಕ ಬಂದು, ಇಂಥಾ ದರಕ್ಕ ನನಗೇ ಕೊಡಬೇಕು ಅಂತ ಮುಂಗಡ ಇಸಾರ ಕೊಟ್ಟು ಹೋಗ್ತಾನಲ್ಲ, ಇದೂ ಹಂಗ. ಮುಂದ ದರ ಬಿದ್ರ ಅವ ಬರಂಗಿಲ್ಲ. ಕೊಟ್ಟ ಇಸಾರ ನಿಮಗ ಉಳೀತದ.”

ಕಾಕಾನ ಮುಖ ಅರಳಿತು, ಆಮೇಲೆ ಗಂಟಿಕ್ಕಿತು. “ನನಗ ತ್ವಾಟ ಅದ ಅಂತ ನಿನಗ್ಯಾರು ಹೇಳಿದ್ರು?”

ಮಾಸ್ತರರು ಫ್ಯಾನ್ ನೋಡತೊಡಗಿದರು. ನಾನು ಚೀಲ ನೋಡಿದೆ. “ಬಾಳಿಹಣ್ಣು ಹೇಳಿದ್ವು ರೀ.”

ಅದನ್ನು ಅವರು ನುಂಗಿಕೊಂಡರು. ಮಾಸ್ತರರ ಅದೇ ಶೇರು ಅಷ್ಟರಲ್ಲಿ ಐವತ್ತನಾಲ್ಕಕ್ಕೆ ಇಳಿದಿತ್ತು. ಐವತ್ತರ ಸ್ಟ್ರೈಕ್ ಇದೆ, ಐವತ್ತೈದರದು ಇದೆ ಎಂದು ತೋರಿಸಿದೆ.

“ಐವತ್ತೆರಡೂವರಿಗೆ ಇಸಾರ ತಗೋ.”

“ಅದು ಇಲ್ಲರೀ.”

“ಸಂತ್ಯಾಗ ನೀ ಐವತ್ತೈದು ಅಂತಿ, ನಾ ಐವತ್ತು ಅಂತೀನಿ. ಇಬ್ಬರೂ ನಡುವ ಬಂದು ಮುಗಸ್ತೀವಿ. ವ್ಯವಹಾರ ಅಂದ್ರ ಅದ.”

“ಇಲ್ಲಿ ನಡುವ ಬರಾಕ ಆಗಂಗಿಲ್ಲರೀ.”

“ಮುಂಬೈಗೆ ಫೋನ್ ಹಚ್ಚು.”

“ನಾ ಹೇಳಿದ್ರ ಅವರು ಕೇಳಂಗಿಲ್ಲರೀ.”

“ನಿಮ್ಮ ಮಾಲೀಕ ಹೇಳಿದ್ರ?”

ಕಾಕಾನ ಬೆನ್ನ ಹಿಂದೆ ನಿಂತಿದ್ದ ಮಾಲೀಕರು ಎರಡೂ ಕೈ ಎತ್ತಿ, ಹೂಂ ಅನ್ನು, ಹೂಂ ಅನ್ನು ಎಂದು ಸನ್ನೆ ಮಾಡುತ್ತಿದ್ದರು. ನನ್ನ ಮೇಲಿನ ಪ್ರೀತಿಗೇ ಮಾಡುತ್ತಿದ್ದರು, ಪಾಪ. ಹೂಂ ಎನ್ನುವುದು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಇಲ್ಲದ್ದನ್ನು ಎಲ್ಲಿಂದ ತಂದು ಕೊಡಲಿ?

“ಅವರು ಹೇಳಿದ್ರೂ ಕೇಳಂಗಿಲ್ಲರೀ.”

ಕಾಕಾ ಎದ್ದರು. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ನಿನ್ನ ಮಾತೂ ನಡ್ಯಂಗಿಲ್ಲ, ಮಾಲೀಕನ ಮಾತೂ ನಡ್ಯಂಗಿಲ್ಲ. ಇಲ್ಲಿ ನಡಿಯೂದು ಅಂದ್ರ ಈ ಫ್ಯಾನ್ ಒಂದೇ.”

ಬಾಳೆಹಣ್ಣಿನ ಚೀಲವನ್ನೂ ಮರೆಯದೆ ಎತ್ತಿಕೊಂಡು ಹೋದರು.

ಮುಂಬೈ ಬಗ್ಗಿತು

ಮುಂದೆ ಕೆಲವು ವಾರ ಕಮಲಾಪುರದ ಕಡೆಯಿಂದ ಉಸಿರಿಲ್ಲ. ಮಾಸ್ತರರೂ ನನ್ನ ಮುಖ ನೋಡದೆ ಪೇಪರಿನಲ್ಲಿ ಮುಖ ಹುದುಗಿಸುತ್ತಿದ್ದರು. ನನಗೆ ಊಟ ರುಚಿಸುತ್ತಿರಲಿಲ್ಲ. ನನ್ನ ಜೊತೆಗೆ ಆ ಶೇರೂ ಇಳಿಯುತ್ತಾ ಹೋಗಿ ಐವತ್ತರ ಕೆಳಗೆ ಬಿತ್ತು.

ಐವತ್ತರ ಕೆಳಗಿನ ಶೇರಿಗೆ ಮೆಟ್ಟಿಲು ಎರಡೂವರೆ ರೂಪಾಯಿಯದು. ಇದು ಎಕ್ಸ್‌ಚೇಂಜಿನ ನಿಯಮ. ಹೊಸ ಸ್ಟ್ರೈಕುಗಳು ಸ್ಕ್ರೀನಿನ ಮೇಲೆ ಬಂದವು: ನಲವತ್ತೈದು, ನಲವತ್ತೇಳೂವರೆ, ಐವತ್ತು, ಅದರ ಪಕ್ಕದಲ್ಲಿ ಐವತ್ತೆರಡೂವರೆ.

ಮಾಸ್ತರರು ಕನ್ನಡಕ ಒರೆಸಿಕೊಂಡು ನೋಡಿದರು. ಎರಡನೇ ಸಲ ನೋಡಿದರು. ಆಮೇಲೆ ಛತ್ರಿಯನ್ನೂ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದರು.

ಆ ಸಂಜೆಗೆಲ್ಲ ಕಮಲಾಪುರದಲ್ಲಿ ಒಂದೇ ಮಾತು: ಹುಡುಗ ಮುಂಬೈಗೆ ಫೋನ್ ಹಚ್ಚಿದ, ಮುಂಬೈ ಬಗ್ಗಿತು. ಮರುದಿನ ನಾನು ಬಾಯಿ ಬಡಿದುಕೊಂಡು ಹೇಳಿದೆ, ನಾನು ಯಾರಿಗೂ ಫೋನ್ ಮಾಡಿಲ್ಲ, ಶೇರು ಅಗ್ಗವಾಯಿತು, ಮೆಟ್ಟಿಲು ಸಣ್ಣದಾಯಿತು, ಅಷ್ಟೇ. ಮಾಸ್ತರರು ಚಾಚಾಗೆ ಹೇಳಿದರು: “ದೊಡ್ಡ ಮಂದಿ ಹಿಂಗೇ ಇರ್ತಾರ ನೋಡ್ರಿ. ಮಾಡಿದ್ದು ಹೇಳಕೊಳ್ಳಂಗಿಲ್ಲ.”

ವಾರದಲ್ಲಿ ಕಮಲಾಪುರದ ಆಚೆಯ ಹೊಲದವರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಎಕ್ಸ್‌ಪ್ರೆಸ್ ಬಸ್ಸು ತಮ್ಮ ಹೊಲದ ಹತ್ತಿರ ನಿಲ್ಲುವಂತೆ ಮಾಡಬೇಕಂತೆ. ಬಸ್ಸಿಗೂ ನನಗೂ ಸಂಬಂಧವಿಲ್ಲ ಎಂದೆ. ಅವರು ಬೇಸರದಿಂದ ನುಡಿದರು: “ಐವತ್ತಕ್ಕೂ ಐವತ್ತೈದಕ್ಕೂ ನಡುವ ಶೇರ್ ನಿಲ್ಲಿಸಿದವರು ನೀವು. ಕಮಲಾಪುರಕ್ಕೂ ಮುಂದಿನ ಊರಿಗೂ ನಡುವ ಒಂದು ಬಸ್ ನಿಲ್ಲಸಾಕ ಆಗಂಗಿಲ್ಲೇನ್ರಿ?”

ನನ್ನ ರೇಟು

ಇನ್ನು ಸುಮ್ಮನಿರುವಂತಿರಲಿಲ್ಲ. ಆಕೆಯನ್ನು ಕಳೆದುಕೊಳ್ಳುವುದು ನನಗೆ ಬೇಡ, ಮುಂಬೈ ಬಗ್ಗಿಸಿದವನೆಂಬ ಸುಳ್ಳು ಹೆಸರಿನ ಮೇಲೆ ಕಟ್ಟಿಕೊಳ್ಳುವುದೂ ಬೇಡ. ನಾನೇ ಈಗ ಐವತ್ತಕ್ಕೂ ಐವತ್ತೈದಕ್ಕೂ ನಡುವೆ ನಿಂತಿದ್ದೆ. ಸಂತೆಯ ದಿನ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆ.

ಕಾಕಾ ದನಗಳ ನಡುವೆ ಸಿಕ್ಕರು. ಒಬ್ಬ ರೈತನ ಕೈ ಹಿಡಿದು, ಮೇಲೆ ಟವೆಲು ಮುಚ್ಚಿ, ಒಳಗೇ ಬೆರಳು ಒತ್ತಿ ಎತ್ತಿನ ದರ ಮಾತಾಡುತ್ತಿದ್ದರು. ವ್ಯವಹಾರ ಮುಗಿಯುವ ತನಕ ಕಾದು ಹತ್ತಿರ ಹೋದೆ.

“ಕಾಕಾ, ಸಣ್ಣ ಕರ ಮಾರುವಾಗ ಒಂದು ಬೆರಳು ಅಂದ್ರ ಎಷ್ಟರೀ?”

“ಐವತ್ತು.”

“ಇಂಥಾ ಎತ್ತಿಗೆ?”

“ಐನೂರು. ಯಾಕ?”

“ಮುಂಬೈದಾಗೂ ಅಷ್ಟೇರೀ. ರೇಟ್ ಇಳಿದ್ರ ಮೆಟ್ಟಿಲು ಸಣ್ಣ ಆಗ್ತಾವ. ಶೇರ್ ಅಗ್ಗ ಆತು, ಐವತ್ತೆರಡೂವರಿ ತಾನೇ ಬಂತು. ನಾ ಫೋನ್ ಹಚ್ಚಿಲ್ಲ. ಹಚ್ಚಿದ್ರೂ ಯಾರೂ ಎತ್ತತಿರಲಿಲ್ಲ.”

ಕಾಕಾ ಟವೆಲಿನಿಂದ ಮುಖ ಒರೆಸಿಕೊಂಡರು. “ಶೇರ್ ಈಗ ಎಷ್ಟದ?”

“ನಲವತ್ತೆಂಟು.”

“ನಲವತ್ತೆಂಟಕ್ಕ ಸಿಗೂದಕ್ಕ ಐವತ್ತೆರಡೂವರಿಗೆ ಇಸಾರ ಕೊಡ್ಲಾಕ ನನ್ನ ತಲಿ ಕೆಟ್ಟದೇನು? ಮತ್ತ, ನಿನ್ನ ಲಗ್ನದ ಮಾತು ಅಂದೇ ಮುಗದದ.”

ಬಸ್ ಸ್ಟ್ಯಾಂಡ್ ಯಾವ ಕಡೆ ಎನ್ನುವುದೇ ಮರೆತು ಹೋಯಿತು.

“ಮಟಕಾದವನ ಕಡಿ ಹೋಗಿ ಯಾವ ನಂಬರ್ ಹೇಳಿದ್ರೂ ಬರಕೋತಾನ,” ಕಾಕಾ ಹೇಳಿದರು. “ಇಲ್ಲ ಅಂದ ಮಟಕಾದವನ್ನ ನಾ ಹುಟ್ಟಿದಾಗಿಂದ ನೋಡಿಲ್ಲ. ನಾ ಕೇಳಿದ್ದಕ್ಕೆಲ್ಲಾ ನೀ ಇಲ್ಲ ಅಂದಿ. ಹಿಂದ ನಿಮ್ಮ ಮಾಲೀಕ ಕೈ ಎತ್ತಿ ಕುಣಿಯಾಕತ್ತಿದ್ದ, ಕಂಪ್ಯೂಟರ್ ಗಾಜಿನಾಗ ಎಲ್ಲಾ ಕಾಣ್ತಿತ್ತು. ಆದ್ರೂ ಇಲ್ಲ ಅಂದಿ. ಹೆಣ್ಣು ಇವಗೇ ಅಂತ ಅವತ್ತಿನ ಬಸ್ಸಿನ್ಯಾಗೇ ನಿಶ್ಚೆ ಮಾಡೀನಿ. ನೀನಾಗೇ ಬರ್ತಿ ಏನು ಅಂತ ಕಾಯಾಕತ್ತಿದ್ದೆ.”

ಕಣ್ಣು ತುಂಬಿ ಬಂತು, ಜೊತೆಗೆ ಸಿಟ್ಟೂ ಬಂತು. “ಮತ್ತ ಬಾಳಿಹಣ್ಣು ಯಾಕ ವಾಪಸ್ ಒಯ್ದ್ರಿ?”

“ದಾರಿಹೋಕ ಯಾರಿಗರ ಹಣ್ಣು ಕೊಡ್ತಾನೇನೋ?”

ಸಂತೆಯಿಂದ ಅವರ ಮನೆಗೇ ಹೋದೆವು. ಆಕೆ ಚಹಾ ಕೊಟ್ಟು ಒಳಬಾಗಿಲಲ್ಲಿ ನಿಂತಳು. ಪಂಚಾಂಗ ನೋಡುವ ಅಯ್ಯನವರನ್ನು ಕರೆಸಿದರು. ಅವರು ಬೆರಳು ಮಡಚಿ ಎಣಿಸಿ, “ಇನ್ನ ಎಂಟು ದಿವಸಕ್ಕ ಒಂದು ಮುಹೂರ್ತ ಅದ. ಅದು ಬಿಟ್ರ ಕಾರ್ತಿಕದಾಗ ತುಳಸಿ ಲಗ್ನ ಆದ ಮ್ಯಾಲೇ” ಎಂದರು.

ಎಂಟು ದಿನದಲ್ಲಿ ಲಗ್ನ ಮಾಡಿದರೆ ಊರು ಏನೆಂದೀತು, ತುಳಸಿ ಲಗ್ನ ಆದಮೇಲೆಯೇ ಆಗಲಿ ಎಂದರು ಕಾಕಾ. ನಾನು ಮನಸ್ಸಿನಲ್ಲೇ ತಿಂಗಳು ಎಣಿಸಿದೆ. ಕೊನೆಗೆ ನಾಚಿಕೆ ಬಿಟ್ಟು ಕೇಳಿದೆ:

“ಕಾಕಾ, ನಡುವ ಒಂದು ಯಾವುದರ...”

“ನಡುವಿಂದು ಇಲ್ಲ.”

“ಅಯ್ಯನವರಿಗೆ ಇನ್ನೊಮ್ಮೆ ಕೇಳಿದ್ರ?”

“ಮುಂಬೈಗೆ ಫೋನ್ ಹಚ್ಚು.”

ಒಳಬಾಗಿಲ ಕಡೆಯಿಂದ ಸೆರಗಿನಲ್ಲಿ ಮುಚ್ಚಿಟ್ಟ ನಗೆ ಕೇಳಿಸಿತು. ಅಷ್ಟು ಕೇಳಿದ ಮೇಲಂತೂ ತುಳಸಿ ಲಗ್ನ ಇನ್ನೂ ದೂರವೆನಿಸಿತು.

“ಮೆಟ್ಟಿಲು ಸ್ವಲ್ಪ ಸಣ್ಣ ಮಾಡಾಕ ಬರಂಗಿಲ್ಲೇನ್ರಿ?” ಎಂದೆ.

ಕಾಕಾ ನನ್ನ ಹೆಗಲ ಮೇಲೆ ಕೈ ಇಟ್ಟರು. “ರೇಟ್ ಇಳಿದ್ರ ಮೆಟ್ಟಿಲು ಸಣ್ಣ ಆಗ್ತಾವ ಅಂತ ಈಗ ಸಂತ್ಯಾಗ ನೀನೇ ಹೇಳಿದಿ. ನಮ್ಮ ಮನಿಯಾಗ ನಿನ್ನ ರೇಟ್ ಇನ್ನೂ ಇಳಿದಿಲ್ಲಪಾ. ಲಗ್ನ ಆಗಲಿ, ಆಮ್ಯಾಲ ಇಳೀತದ.”