ಫ್ರೀಜರಿನೊಳಗಿನ ತಲೆ

ತಲೆಯಲ್ಲಿ ಒಂದೇ ಒಂದು ಕೂದಲಿಲ್ಲದ ಮನುಷ್ಯ ಜಪಾನಿನ ಇಡೀ ಒಸಾಕಾ ಊರಿನಲ್ಲೇ ದೊಡ್ಡ ಕೂದಲ ಕಾವಲುಗಾರ ಎಂದರೆ ನಂಬುತ್ತೀರಾ? ಅವರೇ ನಮ್ಮ ಭಾವ!

ಕಂಪ್ಯೂಟರುಗಳೆಲ್ಲ ಎರಡು ಸಾವಿರನೇ ಇಸವಿಗೆ ಹೆದರಿದ್ದ ಕಾಲ. ಅವುಗಳ ತಪ್ಪು ಹುಡುಕುವ ಕೆಲಸಕ್ಕೆ ಭಾವ ಅಕ್ಕನ ಜೊತೆ ಅಲ್ಲಿಗೆ ಹೋಗಿದ್ದರು. ಅಕ್ಕನಿಗೆ ಕ್ಯಾನ್ಸರ್ ಬಂತು. ಅಡುಗೆಗೆಂದು ತಿಪಟೂರಿನಿಂದ ನಾನು ಹೋದೆ. "ನೋವು ಎಷ್ಟಾದ್ರೂ ತಡೀತೀನಿ ರೀ, ಜಡೆ ಒಂದು ಉಳಿಸಿಕೊಡಿ" ಎಂದಿದ್ದಳಂತೆ ಅಕ್ಕ. ಕೀಮೋ ಹನಿಯುವಾಗ ತಲೆಯನ್ನು ಮರಗಟ್ಟುವಷ್ಟು ತಣ್ಣಗಿಟ್ಟರೆ ಕೂದಲು ಉಳಿದರೂ ಉಳಿಯಬಹುದು, ಭರವಸೆಯಿಲ್ಲ ಎಂದರಂತೆ ಡಾಕ್ಟರು. ಭಾವನಿಗೆ ಅಷ್ಟು ಸಾಕಾಯಿತು.

ಮೊದಲ ದಿನ ಬೆಳಿಗ್ಗೆ ಬಟಾಣಿಗೆಂದು ಫ್ರೀಜರ್ ತೆರೆದೆ. ಒಳಗಿಂದ ಒಂದು ಹೆಂಗಸಿನ ತಲೆ ನನ್ನನ್ನೇ ನೋಡುತ್ತಿತ್ತು! ರೆಪ್ಪೆಯ ಮೇಲೆಲ್ಲ ಹಿಮ. ಕಿರುಚಿಕೊಂಡೆ.

"ಮೆಲ್ಲಗಯ್ಯಾ, ತಲೆ ಸಾನ್ ಹೆದರ್ಕೋತಾರೆ" ಎಂದರು ಭಾವ. ಹೆಸರಿನ ಮುಂದೆ "ಸಾನ್" ಸೇರಿಸುವುದು ಅಲ್ಲಿನ ಮರ್ಯಾದೆ.

ಯಾವುದೋ ಪಾರ್ಲರಿನವರು ಎಸೆದಿದ್ದ ಬೋಳು ಗೊಂಬೆತಲೆ. ಕೀಮೋ ಹೊತ್ತಿಗೆ ಅಕ್ಕ ಹಾಕಿಕೊಳ್ಳುವ ತಂಪು ಟೋಪಿಯ ಆಕಾರ ಕೆಡಬಾರದೆಂದು ಅದಕ್ಕೆ ತೊಡಿಸಿಟ್ಟಿದ್ದರು. ಬಾಗಿಲು ಮುಚ್ಚುವಾಗ ಬಗ್ಗಿ "ಸುಮಿಮಾಸೆನ್" ಎಂದು ಅದರ ಕ್ಷಮೆ ಬೇರೆ ಕೇಳಿದರು!

ಆಸ್ಪತ್ರೆಗೆ ಟೋಪಿ ಸಮೇತ ಆ ತಲೆಯನ್ನು ಡ್ರೈ ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ರೈಲಿನಲ್ಲಿ ಒಯ್ಯಬೇಕು. ಸಂದಿಯಲ್ಲೆಲ್ಲ ಬಿಳಿ ಹೊಗೆ. ಯಾವ ಮೀನು ಎಂದು ಪಕ್ಕದ ಅಜ್ಜಿ ಕೇಳಿದರು. ಭಾವ ವಿನಯದಿಂದ ಮುಚ್ಚಳ ತೆಗೆದು ತೋರಿಸಿದರು. ಮುಂದಿನ ಸ್ಟೇಷನ್ನಿನಲ್ಲಿ ಅರ್ಧ ಬೋಗಿಯೇ ಖಾಲಿ!

"ಸೀಟಾಯ್ತಲ್ಲ, ಕೂತ್ಕೊಳ್ಳಯ್ಯಾ" ಎಂದರು.

ಆಮೇಲೆ ಶುರುವಾಯಿತು ನೋಡಿ, ಆ ಬೋಳು ತಲೆಗೆ ಕೂದಲು ಬೆಳೆಯಲು! ಮೊದಲು ಕಿವಿಯ ಹಿಂದೆ ನಾಲ್ಕೆಳೆ. ಆಮೇಲೆ ನೆತ್ತಿಗೆ. ಉದ್ದನೆಯ, ನನಗೆ ಚೆನ್ನಾಗಿ ಗುರುತಿದ್ದ ಕೂದಲು. ಅಕ್ಕನದು! ಉದುರಿದ ಕೂದಲನ್ನು ಉಂಡೆ ಕಟ್ಟಿ ಹೊರಗೆಸೆಯದೆ ನಮ್ಮಮ್ಮ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ.

"ಭಾವ, ಇದು ಮಾಟ ಮಾಡೋರ ಕೆಲಸ ಅಲ್ವಾ?"

"ಟೆಸ್ಟಿಂಗ್ ಕಣಯ್ಯಾ! ಎಲ್ಲಿ ಉದುರುತ್ತೆ ಅಂತ ಗೊತ್ತಾದ್ರೆ ತಾನೇ ಅಲ್ಲಿ ಟೋಪಿ ಬಿಗಿ ಮಾಡೋದು?"

ಉದುರಿದ ಜಾಗ ನೋಡಿ, ಗೊಂಬೆಗೂ ಅಲ್ಲೇ ಟೇಪಿನಿಂದ ಅಂಟಿಸುತ್ತಿದ್ದರು. ಕಾರಣ ತಿಳಿದರೂ ಫ್ರೀಜರ್ ತೆರೆಯುವಾಗಿನ ನನ್ನ ಹೆದರಿಕೆ ಹೋಗಲಿಲ್ಲ. ಅಕ್ಕನ ಜಡೆ ಸಣ್ಣಗಾದಂತೆಲ್ಲ ಗೊಂಬೆಯ ತಲೆ ತುಂಬುತ್ತಿತ್ತು. ಒಂದು ದಿನ ಅದು ನಕ್ಕಂತಾಯಿತು. ನಾನೂ "ಸುಮಿಮಾಸೆನ್" ಎಂದು ಬಾಗಿಲು ಮುಚ್ಚಿದೆ!

ಕೊನೆಯ ಕೀಮೋ ಮುಗಿಯಿತು. ಟೋಪಿ ತೆಗೆದರೆ ಕಿರುಬೆರಳಿನಷ್ಟು ದಪ್ಪದ ಜಡೆ ಉಳಿದಿತ್ತು. ಅಕ್ಕ ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ, "ಇಷ್ಟು ಸೆಕೆಯಲ್ಲಿ ನಿಮಗ್ಯಾಕ್ರೀ ಮಂಕಿ ಕ್ಯಾಪು?" ಎಂದು, ಭಾವ ಹಗಲೂ ರಾತ್ರಿ ತೆಗೆಯದಿದ್ದ ಟೋಪಿ ಎಳೆದಳು.

ಬೋಳು ತಲೆಯ ತುಂಬ ಕೆಂಪು, ಕಪ್ಪು ಕಲೆಗಳು. ಚಳಿಗೆ ಸುಟ್ಟ ಗಾಯಗಳು.

"ಎಲ್ಲಿ ಜಾಸ್ತಿ ಕೊರೆಯುತ್ತೆ ಅಂತ ಮೊದ್ಲು ನಾನೇ ಹಾಕಿ ನೋಡ್ತಿದ್ದೆ. ನಿಂಗೆ ಅಲ್ಲಿ ಬಟ್ಟೆ ಇಡಬೇಕಲ್ಲ..." ಭಾವ ತಪ್ಪು ಮಾಡಿದವರಂತೆ ನಿಂತಿದ್ದರು.

ಅಕ್ಕ ಅವರನ್ನು ಹತ್ತಿರ ಕೂರಿಸಿಕೊಂಡು, ಉಳಿದ ಜಡೆಯನ್ನು ಆ ಗಾಯಗಳ ಮೇಲೆ ಮೆಲ್ಲಗೆ ಹಾಸಿದಳು. ಭಾವನ ತಲೆಯ ಮೇಲೆ ಕೂದಲು ನೋಡಿದ್ದು ನಾನು ಅದೇ ಮೊದಲು.