ಮೈಸೂರಿನ ಮೂರು ‘ಬೇಡ’ಗಳು

ಸಂಜೆ ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತರೆ, ಧೂಳಿನ ಹಿಂದೆ ಸೂರ್ಯ ಕೇಸರಿಭಾತಿನ ಬಣ್ಣಕ್ಕೆ ತಿರುಗಿ ಮೆಲ್ಲಗೆ ಕರಗುತ್ತಾನೆ. ಕಣ್ಣು ಅರ್ಧ ಮುಚ್ಚಿದರೆ ಇದು ದೋಹಾನೋ ಮೈಸೂರೋ ತಿಳಿಯುವುದಿಲ್ಲ. ನನ್ನ ಫಜೀತಿಗಳೆಲ್ಲ ಹುಟ್ಟುವುದು ಇದರಿಂದಲೇ. ಕಾಲು ಇಲ್ಲಿ, ನಾಲಿಗೆ ಅಲ್ಲಿ.

ಮೊದಲ ಟೀ

ಕೆಲಸಕ್ಕೆ ಸೇರಿದ ದಿನ ನಮ್ಮ ಮ್ಯಾನೇಜರ್, ಇಂಗ್ಲೆಂಡಿನವರು, “ಟೀ ಮಾಡ್ತಿದ್ದೀನಿ, ನಿಮಗೂ ಬೇಕಾ?” ಎಂದರು.

ಗಂಟಲು ಒಣಗಿತ್ತು. “ಬೇಡ ಸರ್” ಎಂದೆ.

ನಮ್ಮಲ್ಲಿ ಬೇಡ ಅನ್ನುವುದು ಬರೀ ಪೀಠಿಕೆ. ಎರಡನೆಯ ಸಲವೂ ಬೇಡ ಎಂದು, ಮೂರನೆಯ ಸಲ “ಛೇ, ನಿಮಗ್ಯಾಕೆ ತೊಂದರೆ” ಎನ್ನುತ್ತ ಲೋಟಕ್ಕೆ ಕೈ ಚಾಚಬೇಕು. ಅವರು ಎರಡನೆಯ ಸಲ ಕೇಳಲೇ ಇಲ್ಲ. ಒಂದೇ ಕಪ್ ತಂದು ನನ್ನೆದುರೇ ಕೂತು ಕುಡಿದರು. ನಾನು ಹಬೆ ಕುಡಿದೆ.

ಒಂಬತ್ತು ಕಪ್

ಕಂಪನಿಯ ಕತಾರಿ ಮಾಲೀಕರು ಈದ್ ಹಬ್ಬಕ್ಕೆ ತಮ್ಮ ಮನೆಯ ಮಜ್ಲಿಸ್ ಹಜಾರಕ್ಕೆ ಎಲ್ಲರನ್ನೂ ಕರೆದರು. ಈ ಸಲ ಬೇಡ ಅನ್ನಲೇಬಾರದು ಎಂದು ಶಪಥ ಮಾಡಿಯೇ ಹೋದೆ. ಪುಟ್ಟ ಕಪ್ಪಿನಲ್ಲಿ ಏಲಕ್ಕಿ ಕಾಫಿ. ಖಾಲಿ ಮಾಡಿದೆ, ಸುರಿದರು. ಮತ್ತೆ ಖಾಲಿ ಮಾಡಿದೆ, ಮತ್ತೆ ಸುರಿದರು. ಒಂಬತ್ತನೆಯದಕ್ಕೆ ಕಾರ್ಪೆಟ್ ನನ್ನನ್ನು ಹೊತ್ತು ತೇಲತೊಡಗಿತು.

ಪಕ್ಕದಲ್ಲಿದ್ದ ನಮ್ಮ ಗೋದಾಮಿನ ಕಾಕಾ, ಉಳ್ಳಾಲದವರು, ಇಲ್ಲೇ ಕೂದಲು ಹಣ್ಣಾದವರು, ಪಿಸುಗುಟ್ಟಿದರು: “ಸಾಕಾದ್ರೆ ಕಪ್ ಸ್ವಲ್ಪ ಅಲ್ಲಾಡಿಸಿ ಕೊಡ್ಬೇಕು ಮಾರಾಯ್ರೆ.”

“ಮೊದಲೇ ಹೇಳಬಾರದಾ ಕಾಕಾ?”

“ಮೈಸೂರಿನವರಲ್ವಾ, ಕಾಫಿ ಅಂದ್ರೆ ಜೀವ ಅಂತ ಎಣಿಸಿದೆ.”

ಪೆನ್ನಿನ ಮುಚ್ಚಳ

ಹೆಂಡತಿಯನ್ನು ಕರೆಸಿಕೊಳ್ಳಲು ಕಂಪನಿಯ ಪತ್ರ ಬೇಕು, ಅದಕ್ಕೆ ಮ್ಯಾನೇಜರ್ ಸಹಿ ಬೇಕು. ಅವಳಿಲ್ಲದೆ ಐದು ತಿಂಗಳಾಗಿತ್ತು. ಬಾಲ್ಕನಿಯಲ್ಲಿ ಎರಡನೆಯ ಕುರ್ಚಿ ಹಾಕಿ, ಅದರ ಜೊತೆ ಮಾತಾಡುವ ಸ್ಥಿತಿಗೆ ಬಂದಿದ್ದೆ.

ಮ್ಯಾನೇಜರ್ ಪೆನ್ ತೆಗೆದು, “ಈಗಲೇ ಸಹಿ ಹಾಕಲಾ?” ಎಂದರು.

ನಾಲಿಗೆ ತಾನಾಗಿ ಹೊರಳಿತು: “ಪರವಾಗಿಲ್ಲ ಸರ್, ನಿಧಾನವಾಗಿ ಆಗಲಿ.”

“ಒಳ್ಳೇದಾಯ್ತು” ಎಂದು ಮುಚ್ಚಳ ಹಾಕಿ, ಮೂರು ವಾರ ರಜೆಯ ಮೇಲೆ ಊರಿಗೆ ಹೋದರು.

ಫೋನಿನಲ್ಲಿ ಹೆಂಡತಿ ಕೇಳಿದಳು, “ರೀ, ನಾನು ಬರೋದು ನಿಮಗೆ ಇಷ್ಟ ಇದೆ ತಾನೇ?”

ಮೂರು ವಾರದ ನಂತರ ಅವರು ಬಾಗಿಲಲ್ಲಿ ಕಂಡೊಡನೆ, “ಬೇಕು ಸರ್! ಈಗಲೇ ಬೇಕು!” ಎಂದು ಕೂಗಿಬಿಟ್ಟೆ. ಬೆಚ್ಚಿಬಿದ್ದ ಅವರು ಓಡಿಹೋಗಿ ನನಗೊಂದು ಕಪ್ ಟೀ ತಂದರು. ಅದನ್ನೂ ಕುಡಿದೆ, ಸಹಿಯನ್ನೂ ಹಾಕಿಸಿಕೊಂಡೆ. ಅಂದಿನಿಂದ ಏನೇ ಕೇಳಿದರೂ ಒಂದೇ ಮಾತು. ಬೇಕು ಅಂದರೆ ಬೇಕು, ಬೇಡ ಅಂದರೆ ಖಲಾಸ್.

ಎರಡು ಸೂಟ್‌ಕೇಸ್

ಕೊನೆಗೂ ಬಂದಳು. ಏರ್‌ಪೋರ್ಟಿನ ಗಾಜಿನ ಬಾಗಿಲು ಸರಿದು ಅವಳ ಮುಖ ಕಂಡಾಗ ನನಗೆ ಕಣ್ಣು ತುಂಬಿ ಬಂತು. ಎರಡೂ ಕೈಯಲ್ಲಿ ಸೂಟ್‌ಕೇಸ್, ಒಳಗೆ ಆರು ತಿಂಗಳಿಗಾಗುವಷ್ಟು ಹುಳಿಪುಡಿ.

“ಕೊಡು, ನಾನು ತರ್ತೀನಿ” ಎಂದೆ.

“ಬೇಡ ಬಿಡಿ.”

ಸರಿ ಎಂದು ಮುಂದೆ ನಡೆದೆ. ಸಂಜೆಯ ಬಾಲ್ಕನಿ, ಎರಡು ಕುರ್ಚಿ, ಎರಡು ಲೋಟ ಕಾಫಿ ಎಂದು ಕನಸು ಕಾಣುತ್ತ ಟ್ಯಾಕ್ಸಿಯವರೆಗೆ ಹೋಗಿ ತಿರುಗಿದರೆ ಹಿಂದೆ ಯಾರೂ ಇಲ್ಲ. ದೂರದಲ್ಲಿ ಬಿಟ್ಟ ಜಾಗದಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

ಓಡಿದೆ. “ನೀನೇ ಬೇಡ ಅಂದ್ಯಲ್ಲೇ!”

“ಒಂದೇ ಸಲ ತಾನೇ ಅಂದಿದ್ದು?” ಎಂದಳು. “ಇನ್ನೂ ಎರಡು ಬಾಕಿ ಇದೆ. ಕೇಳಿ!”